ವೀಡಿಯೋ ಗೇಮ್ ಮತ್ತು ಮಕ್ಕಳ ಕಣ್ಣು



ವೀಡಿಯೋ ಗೇಮ್ ಆಡಿದರೆ ಕಣ್ಣು ಹೋಗುತ್ತದೆ ಎಂದು ಮಕ್ಕಳನ್ನು ಹೆದರಿಸುತ್ತೇವೆ. ಅವರು ನಂಬುವುದಿಲ್ಲ. ಅದರಲ್ಲೂ ಸ್ವಲ್ಪ ನ್ಯಾಯವಿದೆ ಎನ್ನಿ. ವೇಗದ ಗೇಮ್ ಆಡುವ ಯುವಕರ ನೋಟ ಹೆಚ್ಚು ಚುರುಕಾಗಿರುವುದನ್ನು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲೇ ತೋರಿಸಿದ್ದರು. ಆದರೆ ಅದು ಗಮನಶಕ್ತಿಯ ಮಾತು. ಬೆಳೆಯುತ್ತಿರುವ ಕಣ್ಣುಗುಡ್ಡೆಯ ಮಾತೇ ಬೇರೆ.

ಗಂಟೆಗಟ್ಟಲೆ ಹತ್ತಿರದಲ್ಲೇ ದೃಷ್ಟಿ ನೆಟ್ಟು, ಹಗಲ ಬೆಳಕಿಗೇ ಬಾರದ ಮಗುವಿನ ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದ ಬೆಳೆಯುವ ಸಂಭವ ಹೆಚ್ಚು. ಆಗ ದೂರದ ಕರಿಹಲಗೆ ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ. ಉದ್ದವಾದ ಗುಡ್ಡೆಯನ್ನು ಕನ್ನಡಕ ಮತ್ತೆ ಮೊದಲಿನಂತೆ ಮಾಡಲಾರದು. ಚೀನಾದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೇ ತರಗತಿಯವರನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷಗಳಲ್ಲಿ ಅವರಲ್ಲಿ ಶೇ. 30 ಮಕ್ಕಳಿಗೆ ಸಮೀಪದೃಷ್ಟಿ ಬಂತು. ಉಳಿದ ಶಾಲೆಗಳಲ್ಲಿ ಸುಮಾರು ಶೇ. 40 ಮಕ್ಕಳಿಗೆ.

ನಮ್ಮಲ್ಲಿ ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತು ಮಕ್ಕಳ ಆಟದ ಹೊತ್ತಾಗಿತ್ತು. ಈಗ ಅದನ್ನು ಮೊಬೈಲ್ ನುಂಗಿದೆ. ಹೆಣ್ಣುಮಕ್ಕಳಿಗೆ ದೊಡ್ಡವರಾಗುತ್ತಿದ್ದಂತೆ ಅಂಗಳವೂ ಇಲ್ಲ. ಕನ್ನಡಕ ಹಾಕಿದರೆ ಸಂಬಂಧ ಕೂಡಿಬರುವುದಿಲ್ಲವೆಂದು, ಹಲಗೆ ಕಾಣದ ಮಗಳನ್ನು ಹಾಗೇ ಕೂರಿಸುವ ಮನೆಗಳೂ ಉಂಟು. ಈ ರಜೆಯಲ್ಲಿ ಕಣ್ಣಿನ ಡಾಕ್ಟರರ ಬಳಿಗೆ ಹೋಗುವಾಗ ಮಗನ ಜೊತೆ ಮಗಳನ್ನೂ ಕರೆದುಕೊಂಡು ಹೋಗಿ.