ಹಳೆಯ ಪೆಟ್ಟಿಗೆ, ಹೊಸ ಪೆಟ್ಟಿಗೆ



ನಮ್ಮ ಕನ್ನಡ ಕೂಟದ ನಾಟಕಗಳು, ಮಕ್ಕಳ ಹಾಡು, ಹಿರಿಯರ ಸಂದರ್ಶನ ಎಲ್ಲವೂ ಟೋಸ್ಟರಿಗಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆಯಲ್ಲಿವೆ. ಅದರೊಳಗೆ 4 ಟೆರಾಬೈಟಿನ ನಾಲ್ಕು ಡಿಸ್ಕುಗಳು. ರೇಡ್ 5 ಎಂಬ ಜೋಡಣೆ ಮಾಡಿರುವುದರಿಂದ ನಮ್ಮ ಬಳಕೆಗೆ ಸಿಗುವುದು 12 ಟೆರಾಬೈಟ್. ಒಂದು ಡಿಸ್ಕ್ ಕೆಟ್ಟರೆ ಉಳಿದ ಮೂರು ಸೇರಿ ಅದರಲ್ಲಿದ್ದುದನ್ನು ಮತ್ತೆ ಕಟ್ಟಿಕೊಡುತ್ತವೆ. ಎರಡು ಕೆಟ್ಟರೆ ಎಲ್ಲವೂ ಹೋದಂತೆ. ಡಿಸ್ಕುಗಳಿಗೆ ಎಂಟು ವರ್ಷವಾಯಿತು, ಜಾಗವೂ ತುಂಬುತ್ತಾ ಬಂತು. ಕನ್ನಡ ಎಂ.ಎ. ಮಾಡಿದವಳ ತಲೆಗೆ ಈ ಕೆಲಸ ಹೇಗೆ ಬಂತೆಂದರೆ, ಕೂಟದ ಲೆಕ್ಕದ ಪುಸ್ತಕ ನನ್ನ ಹತ್ತಿರ ಇತ್ತು!

ನಮ್ಮ ಹುಡುಗರ ಸಲಹೆ ಸುಲಭವಾಗಿತ್ತು. ಹಳೆಯ ಡಿಸ್ಕ್ ಒಂದನ್ನು ತೆಗೆದು 8 ಟೆರಾಬೈಟಿನದನ್ನು ಹಾಕುವುದು, ಅದು ತುಂಬುವವರೆಗೆ ಕಾಯುವುದು, ಹೀಗೆ ನಾಲ್ಕು ಸಲ. ಪೆಟ್ಟಿಗೆ ಅದೇ, ಖರ್ಚು ಕಡಿಮೆ. ಆದರೆ ಕಂಪನಿಯೊಂದರ ದೊಡ್ಡ ಸ್ಟೋರೇಜ್‌ಗಳನ್ನು ನೋಡಿಕೊಳ್ಳುವ ನಮ್ಮನೆಯವರು ಕಾಫಿ ಲೋಟ ಕೆಳಗಿಟ್ಟು, "ನಾಲ್ಕು ಸಲ ಉಸಿರು ಬಿಗಿಹಿಡೀತೀಯಾ?" ಅಂದರು. ಪ್ರತಿ ಸಲವೂ ಉಳಿದ ಮೂರು ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು, ಅಂದರೆ 12 ಟೆರಾಬೈಟ್. ಆ ಹೊತ್ತಿನಲ್ಲಿ ಕಾವಲಿಗೆ ಬೇರೇನೂ ಇರುವುದಿಲ್ಲ. ಮನೆಬಳಕೆಯ ಅನೇಕ ಡಿಸ್ಕುಗಳ ವಿವರಪಟ್ಟಿಯಲ್ಲಿ ತಯಾರಕರೇ ಬರೆದಿರುತ್ತಾರೆ, ಸುಮಾರು 12.5 ಟೆರಾಬೈಟ್ ಓದುವಷ್ಟರಲ್ಲಿ ಒಂದು ಕಡೆ ಓದಲಾಗದೆ ಹೋಗಬಹುದು ಎಂದು. ನಿಜದಲ್ಲಿ ಅವು ಅದಕ್ಕಿಂತ ಚೆನ್ನಾಗಿಯೇ ನಡೆಯುತ್ತವಂತೆ. ಆದರೂ ಎಂಟು ವರ್ಷದ ಮುದಿ ಡಿಸ್ಕುಗಳನ್ನು ನಂಬಿ ಆ ಜೂಜು ಆಡಲು ನನಗೆ ಧೈರ್ಯ ಬರಲಿಲ್ಲ.

ನನಗೆ ನೆನಪಾದದ್ದು ಮೂಡುಬಿದಿರೆ. ಧವಳ, ಜಯಧವಳ, ಮಹಾಧವಳ ಎಂಬ ಜೈನ ಸಿದ್ಧಾಂತ ಗ್ರಂಥಗಳು ಹಳೆಯ ಕನ್ನಡ ಲಿಪಿಯ ಓಲೆಗಳಲ್ಲಿ ಶತಮಾನಗಳ ಕಾಲ ಉಳಿದಿದ್ದು ಅಲ್ಲಿನ ಬಸದಿಯಲ್ಲಿ. ಕೆಲವು ಓಲೆ ಮುರಿದು ಅಕ್ಷರಗಳು ಹೋಗಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಧವಳದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಪ್ರತಿ ಸಿದ್ಧವಾಯಿತೆಂದು ಯಾರೂ ಮೂಲದ ಓಲೆಗಳನ್ನು ಒಲೆಗೆ ಹಾಕಲಿಲ್ಲ. ಅವು ಇಂದಿಗೂ ಅಲ್ಲಿವೆ.

ನಾವೂ ಹಾಗೇ ಮಾಡಿದೆವು. ಹಳೆಯ ಪೆಟ್ಟಿಗೆಯನ್ನು ಮುಟ್ಟದೆ ಪಕ್ಕದಲ್ಲೇ ಹೊಸದೊಂದನ್ನು ಇಟ್ಟೆವು. ಕಮಿಟಿಯಲ್ಲಿ ಖರ್ಚಿನ ಬಗ್ಗೆ ಗೊಣಗಾಟವಾಯಿತು, ದೀಪಾವಳಿ ಊಟದಲ್ಲಿ ಒಂದು ಸಿಹಿ ಕಡಿಮೆಯಾಯಿತು. 9 ಟೆರಾಬೈಟ್ ಸಾಗಿಸಲು, ನಮ್ಮ ಮನೆಯ ನೆಟ್‌ವರ್ಕಿನಲ್ಲಿ ತಡೆಯಿಲ್ಲದೆ ಓಡಿದರೂ ಸುಮಾರು 23 ಗಂಟೆ ಬೇಕು. ಶುಕ್ರವಾರ ರಾತ್ರಿ ಹಚ್ಚಿದೆವು.

ಇನ್ನೊಂದು ಪ್ರತಿ ಎಲ್ಲಿಡುವುದು? ಎಡಿಸನ್‌ನಲ್ಲಿರುವ ಗೆಳತಿ ತನ್ನ ಮನೆಯಲ್ಲಿಡಲು ಒಪ್ಪಿದಳು. ಆದರೆ ಸ್ಯಾಂಡಿ ಚಂಡಮಾರುತವನ್ನು ಇಲ್ಲಿಯವರು ಮರೆತಿಲ್ಲ. 2012ರ ಅಕ್ಟೋಬರ್ 29ರ ರಾತ್ರಿ ಮ್ಯಾನ್‌ಹಟನ್ನಿನ ಬ್ರಾಡ್ ಸ್ಟ್ರೀಟಿನ 75ನೇ ನಂಬರಿನ ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿತು. ಮೇಲಿದ್ದ ಡೇಟಾ ಸೆಂಟರಿನ ಜನರೇಟರ್ ಚೆನ್ನಾಗಿಯೇ ಇತ್ತು, ಮುಳುಗಿದ್ದು ಕೆಳಗಿನ ಇಂಧನದ ಪಂಪು. ಜನ ಬಕೆಟ್ಟುಗಳಲ್ಲಿ ಡೀಸೆಲ್ ತುಂಬಿಕೊಂಡು ಮೆಟ್ಟಿಲು ಹತ್ತಿ 17ನೇ ಮಹಡಿಗೆ ಸಾಗಿಸಿದರು. ಅಂಥ ಬಿರುಗಾಳಿಗೆ ಪ್ಲೇನ್ಸ್‌ಬರೋ, ಎಡಿಸನ್ ಎರಡೂ ಒಂದೇ. ಹಾಗಾಗಿ ಆ ಪ್ರತಿ ಡಲ್ಲಾಸ್‌ನಲ್ಲಿರುವ ನನ್ನ ತಮ್ಮನ ಮನೆಗೆ ಹೋಯಿತು.

ಪ್ರತಿ ಸರಿಯಾಗಿದೆಯೇ ಎಂದು ಕಂಪ್ಯೂಟರ್ ಪ್ರತಿ ಕಡತಕ್ಕೂ ಬೆರಳಚ್ಚಿನಂಥ ಒಂದು ಸಂಖ್ಯೆ ತೆಗೆದು ಹೋಲಿಸಿ ನೋಡಿತು. ಎಲ್ಲವೂ ಹೊಂದಿಕೆಯಾದವು. ನಾನು ಖುಷಿಯಿಂದ ಕೆಲವನ್ನು ತೆರೆದು ಕೇಳುತ್ತಾ ಕೂತೆ. 2017ರಲ್ಲಿ ನಮ್ಮ ಅಜ್ಜಿಯೊಬ್ಬರು ಹಾಡಿದ ಸೋಬಾನೆ ಪದಗಳು ಹನ್ನೊಂದನೇ ನಿಮಿಷಕ್ಕೆ ನಿಂತುಹೋದವು. ಆಮೇಲೆ ಬರೀ ಗೊರಗೊರ. ಹಳೆಯ ಪೆಟ್ಟಿಗೆಯಲ್ಲೂ ಹಾಗೇ ಇತ್ತು. ಯಾವಾಗಲೋ ಕೆಟ್ಟಿದ್ದನ್ನು ನಾವು ಅಷ್ಟೇ ನಿಷ್ಠೆಯಿಂದ ಎರಡು ಕಡೆ ನಕಲು ಮಾಡಿದ್ದೆವು. ಏಳು ವರ್ಷದಲ್ಲಿ ಒಮ್ಮೆಯೂ ಯಾರೂ ತೆರೆದು ಕೇಳಿರಲಿಲ್ಲ, ನಾನೂ ಸೇರಿ.

ಅಜ್ಜಿ ಈಗಿಲ್ಲ. ಆ ದಿನ ಹಾಲಿನಲ್ಲಿ ನೂರಕ್ಕೂ ಹೆಚ್ಚು ಜನ ಇದ್ದಿರಿ, ಎಷ್ಟೋ ಜನ ಫೋನ್ ಎತ್ತಿ ಹಿಡಿದಿದ್ದಿರಿ. ದಯವಿಟ್ಟು ಹಳೆಯ ಫೋನುಗಳನ್ನು ಒಮ್ಮೆ ಚಾರ್ಜಿಗೆ ಹಾಕಿ ನೋಡಿ. ಹನ್ನೊಂದನೇ ನಿಮಿಷದ ಮುಂದಿನದು ಒಂದು ತುಣುಕು ಸಿಕ್ಕರೂ ರೇಡಿಯೋಗೆ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.