ಅಂಗಡಿಯಲ್ಲಿ ನಿಂತ ನಮ್ಮ ಹುಡುಗ
(ಫೆಲೋಶಿಪ್ ಕೂಟದಲ್ಲಿ ಮಾಡಿದ ಭಾಷಣ)



ರೋಗಿಯೊಬ್ಬರ ಜೊತೆ ನಾವು ಮಿರಜಿಗೆ ಹೋಗಿದ್ದೆವು. ಡಾಕ್ಟರ್ ವಾನ್‌ಲೆಸ್ ಅವರು 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದರು. ಕನ್ನಡ ನಾಡಿನ ರೋಗಿಗಳಿಗೆ ಆ ಊರಿನ ದಾರಿ ಹೊಸದಲ್ಲ. ಒಂದು ಸಂಜೆ ಬಿಡುವಾದಾಗ ಪಕ್ಕದ ಸಾಂಗ್ಲಿಗೆ ಹೋದೆವು. ನಮ್ಮ ಲೈನ್ ಮನೆಯ ಹುಡುಗನೊಬ್ಬ ಅಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದಾನೆ.

ಇಸ್ತ್ರಿ ಮಾಡಿದ ಅಂಗಿ, ತಂಪು ಗಾಳಿ. ಮೂಟೆ ಹೊತ್ತವರ ಕಣ್ಣಿಗೆ ಸುಖದ ಕೆಲಸವೇ. ಆದರೆ ಕೂರಲು ಒಂದು ಸ್ಟೂಲೂ ಇಲ್ಲ. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು. ಕಾಫಿ ಕೊಯ್ಯುವ ನಾವೂ ಮಧ್ಯಾಹ್ನ ಮರದ ಬುಡದಲ್ಲಿ ಕೂತು ಬುತ್ತಿ ಬಿಚ್ಚುತ್ತೇವಲ್ಲ! ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾಯಿದೆ ಮಾಡಿ ಕೊಟ್ಟವು. ಮಹಾರಾಷ್ಟ್ರದಲ್ಲಿ 1948ರ ಹಳೆಯ ಕಾಯಿದೆ ಸಣ್ಣ ಅಂಗಡಿಗೂ ಇತ್ತು. 2017ರ ಹೊಸ ಕಾಯಿದೆಯಾದರೋ ವೇಳೆ, ರಜೆ, ಓವರ್‌ಟೈಮ್ ನಿಯಮಗಳನ್ನು ಹತ್ತು ಕೆಲಸಗಾರರಿಗಿಂತ ಕಡಿಮೆ ಇದ್ದ ಅಂಗಡಿಗಳಿಂದ ತೆಗೆದುಹಾಕಿತು. ಇವನ ಅಂಗಡಿಯಲ್ಲಿರುವುದು ನಾಲ್ವರು.

ಅವನನ್ನು ಕೊರೆಯುತ್ತಿದ್ದದ್ದು ಬೇರೆ. ಜತ್ ತಾಲೂಕಿನ ರೈತರೊಬ್ಬರು ಮಗಳ ಓದಿಗೆ ಕಂಪ್ಯೂಟರ್ ಕೊಳ್ಳಲು ಬಂದರಂತೆ. ಕನ್ನಡದ ಹುಡುಗ ಸಿಕ್ಕಿದನೆಂದು ಅವರಿಗೆ ಸಂತೋಷ. "ತಮ್ಮಾ, ನೀ ಹೇಳಿದ್ದನ್ನ ತಗೋತೀನಿ" ಎಂದರಂತೆ. ಮಾಲೀಕರು ಕಣ್ಣಲ್ಲೇ ತೋರಿಸಿದ್ದು ಮೂಲೆಯಲ್ಲಿ ಉಳಿದಿದ್ದ ಹಳೆಯ ಯಂತ್ರವನ್ನು. ಅದರಲ್ಲಿದ್ದದ್ದು ವಿಂಡೋಸ್ 10. ವಿಂಡೋಸ್ 11 ಅದಕ್ಕೆ ಹಿಡಿಯುವುದಿಲ್ಲ. 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಯಂತ್ರವೇನೋ ನಡೆಯುತ್ತದೆ, ಬೀಗ ಹಳತಾದ ಮನೆಯ ಹಾಗೆ. ಅದನ್ನು ಮಾರಿದರೆ ಟಾರ್ಗೆಟ್ ಮುಟ್ಟುತ್ತದೆ, ಕಮಿಷನ್ ಕೈಗೆ ಬರುತ್ತದೆ.

"ಮಾರಿದೆಯಾ?" ಎಂದು ಕೇಳಿದೆವು.

"ಮಾರಿದೆ, ಉಪದೇಶಿಗಳೇ. ಅಮ್ಮನಿಗೆ ದುಡ್ಡು ಕಳಿಸಬೇಕಿತ್ತು."

ನಾವು ಬೈಯಲಿಲ್ಲ. ಆಮೋಸನ ಗ್ರಂಥದ 8ನೇ ಅಧ್ಯಾಯ ತೆಗೆದು ನೋಡಿ. ಕಳ್ಳ ತಕ್ಕಡಿ ಹಿಡಿದವರೂ ಸಬ್ಬತ್ ಯಾವಾಗ ಮುಗಿದೀತೆಂದು ಚಡಪಡಿಸುವವರೂ ಅಲ್ಲಿ ಒಬ್ಬರೇ. ಸಂಬಳವನ್ನೇ ಟಾರ್ಗೆಟಿಗೆ ಕಟ್ಟಿದವರನ್ನು ಬಿಟ್ಟು ಹುಡುಗನ ನಾಲಿಗೆಯನ್ನಷ್ಟೇ ದೂರುವುದು ನಮಗೆ ಸರಿಕಾಣದು. ಆದರೂ ರೈತರ ನಷ್ಟ ನಷ್ಟವೇ. ಬಿಲ್ಲಿನಲ್ಲಿ ಅವರ ಫೋನ್ ನಂಬರಿತ್ತು. ನಿಜ ಹೇಳಿಬಿಡು ಎಂದೆವು. ಎರಡು ದಿನ ಒದ್ದಾಡಿ ಹೇಳಿದನಂತೆ. ರೈತರು ಯಂತ್ರ ಹಿಂದಕ್ಕೆ ತಂದರು, ಮಾಲೀಕರು ಗೊಣಗುತ್ತ ಬದಲಿಸಿಕೊಟ್ಟರು, ಹುಡುಗನ ಕಮಿಷನ್ ಹೋಯಿತು. ಕೆಲಸ ಉಳಿದಿದೆ, ಈವರೆಗೆ.

ಅವನ ಕೈಯಲ್ಲಿ ನೇಮಕಾತಿ ಪತ್ರವಿಲ್ಲ. ನಿಮ್ಮ ಮಕ್ಕಳೂ ಪಟ್ಟಣದ ಅಂಗಡಿಗಳಲ್ಲಿದ್ದರೆ ಕೇಳಿ ನೋಡಿ: ಖಾಯಂ ಸಂಬಳ ಎಷ್ಟು, ಕಮಿಷನ್ ಎಷ್ಟು, ವಾರದ ರಜೆ ಯಾವತ್ತು, ಇದು ಕಾಗದದ ಮೇಲೆ ಇದೆಯೇ ಎಂದು. ಇಲ್ಲವಾದರೆ ಭಾನುವಾರದ ಪೂಜೆಯಾದ ಮೇಲೆ ಸಂಘದ ಕೋಣೆಗೆ ಬನ್ನಿ. ಅರ್ಜಿಯ ನಮೂನೆ ಬರೆದು ಇಟ್ಟಿದ್ದೇವೆ.