ಬ್ರೂಚಿನ ಹಿಂಬದಿ



ಇಂಗ್ಲೆಂಡಿನ ವಾಯವ್ಯ ತುದಿಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಸಮೀಪ, ಕಾರ್ಲೈಲ್ ಎಂಬ ಊರಿದೆ. ಅದಕ್ಕೆ ಹತ್ತಿರದ ಕಮ್‌ವಿಟನ್ ಹಳ್ಳಿಯ ಹೊಲವೊಂದರಲ್ಲಿ 2004ರಲ್ಲಿ ಒಬ್ಬರು ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಾಡುತ್ತಿದ್ದರು. ಅದು ಅವರ ಬಿಡುವಿನ ಹವ್ಯಾಸ. ಯಂತ್ರ ಸದ್ದು ಮಾಡಿದ ಕಡೆ ಮಣ್ಣು ಬಿಡಿಸಿ ನೋಡಿದರೆ ಮೊಟ್ಟೆಯಾಕಾರದ, ಮುಂಬದಿ ಉಬ್ಬಿದ, ಹಸಿರು ಕಿಲುಬು ಹಿಡಿದ ಒಂದು ಒಡವೆ. ವೈಕಿಂಗರ ಕಾಲದಲ್ಲಿ ಸ್ಕ್ಯಾಂಡಿನೇವಿಯಾದ ಹೆಂಗಸರು ತೊಡುತ್ತಿದ್ದ ಬ್ರೂಚ್ ಅದು. ಇಂಥವನ್ನು ಜೋಡಿಯಾಗಿ, ಎರಡು ಭುಜಗಳ ಕೆಳಗೆ ಒಂದೊಂದರಂತೆ ತೊಡುತ್ತಿದ್ದರು. ಜೋಡಿಯ ಇನ್ನೊಂದೂ ಅಲ್ಲೇ ಇತ್ತು.

ಸಿಕ್ಕಿದ್ದನ್ನು ಅವರು ಜೇಬಿಗಿಳಿಸಿಕೊಂಡು ಹೋಗಿಬಿಡಲಿಲ್ಲ. ಇಂಥ ವಸ್ತುಗಳನ್ನು ದಾಖಲಿಸುವುದಕ್ಕೆಂದೇ ಆ ಸೀಮೆಗೆ ನೇಮಕವಾಗಿದ್ದ ಅಧಿಕಾರಿಗೆ ತಂದು ತೋರಿಸಿದರು. ಆಮೇಲೆ ಪುರಾತತ್ವಜ್ಞರು ಬಂದು ಕ್ರಮಬದ್ಧವಾಗಿ ಅಗೆದಾಗ ಆರು ಸಮಾಧಿಗಳು ತೆರೆದುಕೊಂಡವು. ಖಡ್ಗಗಳಿದ್ದವು, ಸವಾರರು ಹಿಮ್ಮಡಿಗೆ ಕಟ್ಟಿಕೊಳ್ಳುವ ಮುಳ್ಳುಗಳಿದ್ದವು, ಮದ್ಯ ಕುಡಿಯುವ ಕೊಂಬಿನ ಲೋಹದ ಕಟ್ಟುಗಳಿದ್ದವು. ಆ ಮರಳು ಮಣ್ಣಿನ ಹುಳಿ ಮೂಳೆಗಳನ್ನು ಬಹುಮಟ್ಟಿಗೆ ಕರಗಿಸಿಬಿಟ್ಟಿತ್ತು. ಮಲಗಿದ್ದವರ ಮೈ ಉಳಿದಿರಲಿಲ್ಲ, ಅವರ ಜೊತೆ ಇಟ್ಟ ವಸ್ತುಗಳು ಉಳಿದಿದ್ದವು. ಆ ಎರಡು ಬ್ರೂಚುಗಳು ಯಾವ ಹೊಲದಲ್ಲಿ, ಯಾವ ಜಾಗದಲ್ಲಿ ಸಿಕ್ಕವು ಎಂಬ ಮಾತು ಹೊರಗೆ ಬರದಿದ್ದರೆ ಈ ಆರು ಸಮಾಧಿಗಳನ್ನು ನೇಗಿಲು ವರ್ಷ ವರ್ಷವೂ ಕೆದಕುತ್ತ ಹೋಗುತ್ತಿತ್ತು.

ಬ್ರೂಚ್ ಎಂದರೆ ಏನು? ನಮ್ಮ ಹೆಂಗಸರು ಸೆರಗು ಜಾರದಿರಲಿ ಎಂದು ಭುಜದ ಮೇಲೆ ಚುಚ್ಚುವ ಪಿನ್ನು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಯುರೋಪಿನಲ್ಲಿ ಕಾಜಾ ಹೊಲಿದು ಗುಂಡಿ ಹಾಕುವ ರೂಢಿ ಬಲವಾಗಿ ಹರಡಿದ್ದು 13 ಮತ್ತು 14ನೇ ಶತಮಾನಗಳಲ್ಲಿ. ಅದಕ್ಕೆ ಮೊದಲು ಬಟ್ಟೆಯನ್ನು ಮೈಮೇಲೆ ನಿಲ್ಲಿಸುತ್ತಿದ್ದವು ಪಟ್ಟಿ, ದಾರ, ಸೂಜಿ ಮತ್ತು ಬ್ರೂಚು. ಹಾಗಾಗಿ ರಾಣಿಗೂ ಅದು ಬೇಕು, ಹಾಲು ಕರೆಯುವವಳಿಗೂ ಬೇಕು. ಒಬ್ಬಳದು ಚಿನ್ನದ್ದು, ಇನ್ನೊಬ್ಬಳದು ತಾಮ್ರಕ್ಕೆ ತವರವನ್ನೋ ಸತುವನ್ನೋ ಬೆರೆಸಿ ಅಚ್ಚಿನಲ್ಲಿ ಎರಕ ಹೊಯ್ದದ್ದು. ನಿತ್ಯ ಬಳಸುವ ವಸ್ತುವಾದ್ದರಿಂದ ಕಳೆದುಹೋಗುವುದೂ ಹೆಚ್ಚು. ಕೊಕ್ಕೆ ಸವೆದು ಹೊಲದ ಕೆಲಸದ ನಡುವೆ ಬಿದ್ದುಹೋಗುತ್ತಿತ್ತು. ಮನೆಯ ಕಸದೊಂದಿಗೆ ತಿಪ್ಪೆ ಸೇರಿ, ಗೊಬ್ಬರದ ಜೊತೆ ಹೊಲಕ್ಕೆ ಬರುವುದೂ ಇತ್ತು.

ಇನ್ನು ಯಂತ್ರದ ವಿಷಯ. ಕೋಲಿನ ತುದಿಯಲ್ಲಿ ತಟ್ಟೆಯಂಥದ್ದೊಂದು ಇರುತ್ತದೆ, ಅದರೊಳಗೆ ತಂತಿಯ ಸುರುಳಿಗಳು. ಒಂದು ಸುರುಳಿಯಲ್ಲಿ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು ಹರಿದಾಗ ಸುತ್ತ ಕಾಂತಕ್ಷೇತ್ರ ಹುಟ್ಟಿ ಮಣ್ಣಿನೊಳಕ್ಕೆ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ಸುಳಿಗಳಂತೆ ವಿದ್ಯುತ್ತು ಹರಿದು, ಲೋಹವೇ ತನ್ನದೊಂದು ಕ್ಷೀಣ ಕಾಂತಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತದೆ. ಅದನ್ನು ಎರಡನೇ ಸುರುಳಿ ಹಿಡಿದು ಕಿವಿಗೆ ಸದ್ದಾಗಿ ಕೊಡುತ್ತದೆ. ಎರಡನೇ ಮಹಾಯುದ್ಧದಲ್ಲಿ ನೆಲಬಾಂಬು ಹುಡುಕಲು ಪೋಲೆಂಡಿನ ಅಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ಯಂತ್ರವನ್ನು 1942ರಲ್ಲಿ ಎಲ್ ಅಲಮೀನ್ ಕದನದಲ್ಲಿ ಬಳಸಿದ್ದರು. ಹವ್ಯಾಸಿಗಳ ಕೈಯಲ್ಲಿರುವುದು ಅದೇ ತತ್ವದ ಹಗುರ ಯಂತ್ರ. ನಾಣ್ಯದಷ್ಟು ಸಣ್ಣ ವಸ್ತುವಾದರೆ ಅದರ ಕಣ್ಣು ಸುಮಾರು ಒಂದು ಗೇಣು ಆಳಕ್ಕಷ್ಟೇ ಹೋಗುತ್ತದೆ. ಈ ಮಿತಿ ಮುಖ್ಯವಾದದ್ದು. ಉಳುವ ಹೊಲದಲ್ಲಿ ಮೇಲಿನ ಒಂದು ಗೇಣು ಮಣ್ಣು ಆಗಲೇ ನೇಗಿಲಿಗೆ ಸಿಕ್ಕಿ ಕಲಸಿಹೋಗಿರುತ್ತದೆ. ಅದರಲ್ಲಿರುವ ಒಡವೆ ಟ್ರ್ಯಾಕ್ಟರಿನ ಕುಳಕ್ಕೆ ತಾಗಿ ಮುರಿಯುತ್ತ, ಗೊಬ್ಬರದ ರಾಸಾಯನಿಕಕ್ಕೆ ಸವೆಯುತ್ತ ಇರುತ್ತದೆ. ಅದನ್ನು ಮೇಲಕ್ಕೆತ್ತಿದರೆ ಉಳಿಸಿದಂತೆ. ಅದಕ್ಕಿಂತ ಕೆಳಗಿನ, ನೇಗಿಲು ಮುಟ್ಟದ ಪದರಕ್ಕೆ ಗುದ್ದಲಿ ಹಾಕಿದರೆ ಹಾಳುಮಾಡಿದಂತೆ.

ಈಗ ಒಂದು ಬ್ರೂಚನ್ನು ತಿರುಗಿಸಿ ಹಿಡಿಯೋಣ. ಮುಂಬದಿಯಲ್ಲಿ ಹೆಣೆದ ಗಂಟು, ಬಾಲ ಕಚ್ಚಿದ ಪ್ರಾಣಿ, ಚಿನ್ನದ ಲೇಪದ ಗುರುತು, ಏನಾದರೊಂದು ಚೆಲುವು ಇರುತ್ತದೆ. ವಸ್ತುಸಂಗ್ರಹಾಲಯದಲ್ಲಿ ನಾವು ನೋಡುವುದು ಆ ಕಡೆಯನ್ನು. ಹಿಂಬದಿಯಲ್ಲಿ ಸೂಜಿ ತಿರುಗುವ ಕೀಲು, ಸೂಜಿಯ ಮೊನೆ ಸಿಕ್ಕಿಸುವ ಕೊಕ್ಕೆ. ಸೂಜಿ ಕಬ್ಬಿಣದ್ದಾಗಿದ್ದರೆ ತುಕ್ಕಿನ ಒಂದು ಗಡ್ಡೆ ಅಂಟಿಕೊಂಡಿರುತ್ತದೆ, ಕೆಲವು ಸಲ ಆ ತುಕ್ಕಿನಲ್ಲೇ ಬಟ್ಟೆಯ ನೇಯ್ಗೆ ಅಚ್ಚೊತ್ತಿ ಉಳಿದಿರುತ್ತದೆ. ಆ ಕಾಲದ ಹೆಂಗಸರ ಬದುಕು ತಿಳಿಯಬೇಕಾದರೆ ಈ ಹಿಂಬದಿಯನ್ನೇ ನೋಡಬೇಕು ಎಂಬುದು ನನಗೆ ಈ ವಿಷಯದಲ್ಲಿ ಬಹಳ ಹಿಡಿಸಿದ ಸಂಗತಿ. ಏಕೆಂದು ಹೇಳುತ್ತೇನೆ.

865ರಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗರಾದ ಡೇನರ ದೊಡ್ಡ ಸೇನೆಯೊಂದು ಇಂಗ್ಲೆಂಡಿಗೆ ಬಂದಿಳಿಯಿತು. ಮುಂದಿನ 15 ವರ್ಷಗಳಲ್ಲಿ ನಾರ್ಥಂಬ್ರಿಯಾ, ಮರ್ಸಿಯಾ, ಪೂರ್ವ ಆಂಗ್ಲಿಯಾ ಮೂರೂ ರಾಜ್ಯಗಳಲ್ಲಿ ನೆಲ ಹಂಚಿಕೊಂಡು ನೆಲೆ ನಿಂತಿತು. ಆ ಕಾಲದ ವಾರ್ಷಿಕ ದಾಖಲೆಗಳಲ್ಲಿ ಇರುವುದೆಲ್ಲ ಸೇನೆ, ಕೋಟೆ, ಕಪ್ಪ, ಕೊಲೆ. ಅವರ ಹೆಂಗಸರು ಬಂದರೇ, ಬಂದಿದ್ದರೆ ಎಷ್ಟು ಮಂದಿ ಎಂಬ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ಸೈನಿಕರು ಬಂದರು, ಇಲ್ಲಿನ ಹೆಂಗಸರನ್ನೇ ಮದುವೆಯಾದರು ಎಂದು ಸುಮ್ಮನಾಗುವುದು ಸುಲಭವಾಗಿತ್ತು. ವೈಕಿಂಗ್ ಹೆಂಗಸರದು ಎಂದು ಹೇಳಬಹುದಾದ ಸಮಾಧಿಗಳು ಇಂಗ್ಲೆಂಡಿನಲ್ಲಿ ಬೆರಳೆಣಿಕೆಯಷ್ಟು.

ಇಲ್ಲಿ ಹವ್ಯಾಸಿಗಳ ಯಂತ್ರ ಕೆಲಸಕ್ಕೆ ಬಂತು. ಡೇನರು ನೆಲೆ ನಿಂತಿದ್ದ ಪೂರ್ವ ಇಂಗ್ಲೆಂಡಿನ ನಾರ್ಫಕ್, ಲಿಂಕನ್‌ಶೈರ್ ಸೀಮೆಯ ಹೊಲಗಳಿಂದ ಸಣ್ಣ ಸಣ್ಣ ತಾಮ್ರದ ಬ್ರೂಚುಗಳು ಒಂದೊಂದಾಗಿ ದಾಖಲೆ ಸೇರತೊಡಗಿದವು. ಜೇನ್ ಕರ್ಶಾ ಎಂಬ ವಿದ್ವಾಂಸೆ ಹೀಗೆ ಸಿಕ್ಕ 500ಕ್ಕೂ ಹೆಚ್ಚು ಸ್ಕ್ಯಾಂಡಿನೇವಿಯಾ ಶೈಲಿಯ ಬ್ರೂಚು, ಪದಕಗಳನ್ನು ಒಟ್ಟಿಗೆ ಇಟ್ಟು ಅಭ್ಯಾಸ ಮಾಡಿ 2013ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರು ಮುಂಬದಿಯಷ್ಟೇ ಹಿಂಬದಿಗೂ ಗಮನ ಕೊಟ್ಟರು. ಸ್ಕ್ಯಾಂಡಿನೇವಿಯಾದ ದುಂಡು ಬ್ರೂಚು ಸಾಮಾನ್ಯವಾಗಿ ಉಬ್ಬಿಕೊಂಡು ಹಿಂದೆ ಟೊಳ್ಳಾಗಿರುತ್ತದೆ. ಕೀಲು, ಕೊಕ್ಕೆಗಳ ಜೊತೆಗೆ ಸರ ಇಳಿಬಿಡಲು ಇನ್ನೊಂದು ಕುಣಿಕೆಯೂ ಇರುತ್ತದೆ. ಇಂಗ್ಲೆಂಡಿನ ಅಕ್ಕಸಾಲಿಗರು ಮಾಡುತ್ತಿದ್ದ ದುಂಡು ಬ್ರೂಚು ಬಿಲ್ಲೆಯಂತೆ ಚಪ್ಪಟೆ, ಕುಣಿಕೆ ಇಲ್ಲ. ಎದುರಿಗೆ ನಿಂತವರಿಗೆ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಬಟ್ಟೆಗೆ ಚುಚ್ಚಿಕೊಳ್ಳುವವಳಿಗೆ ಮಾತ್ರ ಅದು ದಿನದಿನದ ಅಭ್ಯಾಸ. ಆದ್ದರಿಂದ ಹಿಂಬದಿಯೂ ಸ್ಕ್ಯಾಂಡಿನೇವಿಯಾದ ಪದ್ಧತಿಯದೇ ಆಗಿದ್ದರೆ, ಅಗ್ಗದ ಲೋಹದ್ದಾಗಿ ಬಳಸಿ ಸವೆದದ್ದೂ ಆಗಿದ್ದರೆ, ಅದು ಆ ಕಡೆಯ ಉಡುಪಿನೊಂದಿಗೆ, ಉಟ್ಟವಳ ಮೈಮೇಲೆಯೇ ಸಮುದ್ರ ದಾಟಿ ಬಂದಿರುವ ಸಾಧ್ಯತೆ ಹೆಚ್ಚು. ಇಂಥವು ಒಂದೆರಡಲ್ಲ, ಬಹಳಷ್ಟು ಸಿಕ್ಕಿವೆ.

ಇನ್ನೊಂದು ಬಗೆಯೂ ಇದೆ. ಮುಂದೆ ಸ್ಕ್ಯಾಂಡಿನೇವಿಯಾದ ಗಂಟಿನ ಚಿತ್ತಾರ, ಹಿಂದೆ ಇಂಗ್ಲಿಷ್ ಪದ್ಧತಿಯ ಚಪ್ಪಟೆ ಬೆನ್ನು. ಪೂರ್ವ ಆಂಗ್ಲಿಯಾದಲ್ಲಿ ಇಂಥವು ಹೇರಳ. ಅಲ್ಲೇ ಯಾರೋ ಎರಕ ಹೊಯ್ದು ಮಾರುತ್ತಿದ್ದರು, ಎರಡೂ ಕಡೆಯ ಮನೆತನದ ಹೆಣ್ಣುಮಕ್ಕಳು ಕೊಳ್ಳುತ್ತಿದ್ದಿರಬೇಕು. ಬಂದವರೂ ಇದ್ದವರೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತಿದ್ದ ಆ ದಿನಗಳ ಬಗ್ಗೆ ವಾರ್ಷಿಕ ದಾಖಲೆ ಬರೆಯುತ್ತಿದ್ದ ಯಾವ ಸನ್ಯಾಸಿಯೂ ಬರೆದಿಡಲಿಲ್ಲ.

ಇಲ್ಲೊಂದು ಎಚ್ಚರ ಹೇಳಬೇಕು. ನಾರ್ಫಕ್‌ನಲ್ಲಿ ಹೆಚ್ಚು ಸಿಕ್ಕವು ಎಂದಾಕ್ಷಣ ಅಲ್ಲೇ ಹೆಚ್ಚು ಜನ ನೆಲೆಸಿದ್ದರು ಎಂದುಕೊಳ್ಳುವಂತಿಲ್ಲ; ಸಿಕ್ಕದ್ದನ್ನು ದಾಖಲಿಸುವ ರೂಢಿಯೂ ಅಲ್ಲಿ ಹೆಚ್ಚಿತ್ತು. 1980ರಲ್ಲಿ ಬ್ರಿಟನ್ನಿನ ಪುರಾತತ್ವಜ್ಞರು ಡಿಟೆಕ್ಟರ್ ಹವ್ಯಾಸದ ವಿರುದ್ಧ ದೊಡ್ಡ ಪ್ರಚಾರಾಂದೋಲನವನ್ನೇ ನಡೆಸಿದ್ದರು. ನಮ್ಮ ಗತಕಾಲವನ್ನು ದೋಚಬೇಡಿ ಎಂಬುದು ಅದರ ಸಾರ. ಆ ಕೋಪಕ್ಕೆ ಕಾರಣವಿತ್ತು. ರಾತ್ರಿ ಹೊತ್ತು ಕದ್ದು ಬಂದು ಸಂರಕ್ಷಿತ ಜಾಗಗಳನ್ನು ತೋಡಿ ಮಾರಿಕೊಳ್ಳುವವರಿದ್ದರು, ಈಗಲೂ ಇದ್ದಾರೆ. ಆದರೆ ಅದೇ ಹೊತ್ತಿನಲ್ಲಿ ನಾರ್ಫಕ್‌ನಲ್ಲಿ ಟೋನಿ ಗ್ರೆಗರಿ ಎಂಬ ಪುರಾತತ್ವಜ್ಞರೂ ಅವರ ಸಂಗಡಿಗರೂ ಬೇರೆ ದಾರಿ ಹಿಡಿದರು. ಹವ್ಯಾಸಿಗಳೊಂದಿಗೆ ಮಾತಾಡಿದರು, ತಂದದ್ದನ್ನು ಗುರುತಿಸಿ ಹೇಳಿದರು, ಸಿಕ್ಕಿದ ಜಾಗವನ್ನು ಬರೆದುಕೊಂಡು ವಸ್ತುವನ್ನು ಹಿಂದಿರುಗಿಸಿದರು. ಅಲ್ಲಿನ ದಾಖಲೆ ದಪ್ಪವಾದದ್ದು ಈ ನಂಬಿಕೆಯಿಂದಲೂ ಹೌದು. 1997ರಲ್ಲಿ ಶುರುವಾಗಿ 2003ರ ಹೊತ್ತಿಗೆ ಇಂಗ್ಲೆಂಡು, ವೇಲ್ಸ್ ಪೂರ್ತಿ ಹರಡಿದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ಯೋಜನೆ ಇದೇ ಮಾದರಿಯದು. ಅದರ ಕಡತದಲ್ಲಿ ಇವತ್ತು ಹತ್ತು ಲಕ್ಷಕ್ಕೂ ಮೀರಿ ವಸ್ತುಗಳಿವೆ. ಚಿತ್ರ, ಅಳತೆ, ವಿವರಣೆಯನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನಿಖರ ಜಾಗವನ್ನು ಮಾತ್ರ ಕಳ್ಳರ ಭಯಕ್ಕೆ ಸಾರ್ವಜನಿಕರಿಂದ ಮರೆಯಾಗಿಟ್ಟಿದ್ದಾರೆ.

ಕಾನೂನು ಏನು ಹೇಳುತ್ತದೆ? ಇಂಗ್ಲೆಂಡಿನ 1996ರ ನಿಧಿ ಕಾಯಿದೆಯ ಪ್ರಕಾರ, 300 ವರ್ಷಕ್ಕಿಂತ ಹಳೆಯ, ತೂಕದಲ್ಲಿ ಕನಿಷ್ಠ ಶೇಕಡಾ 10ರಷ್ಟು ಚಿನ್ನವೋ ಬೆಳ್ಳಿಯೋ ಇರುವ ಒಡವೆ ಸಿಕ್ಕರೆ 14 ದಿನಗಳೊಳಗೆ ತಿಳಿಸಬೇಕು. ತಿಳಿಸಬೇಕಾದದ್ದು ಕರೋನರ್ ಎಂಬ ಅಧಿಕಾರಿಗೆ. ಅಸಹಜ ಸಾವುಗಳ ವಿಚಾರಣೆ ನಡೆಸುವವರೂ ಅವರೇ. 1194ರಲ್ಲಿ ಆ ಹುದ್ದೆ ಹುಟ್ಟಿದ್ದೇ ರಾಜನಿಗೆ ಸಲ್ಲಬೇಕಾದದ್ದನ್ನು ಕಾಯಲು, ನಿಧಿಯ ಕೆಲಸ ಆಗಿನಿಂದ ಉಳಿದುಬಂದದ್ದು. ವಸ್ತುಸಂಗ್ರಹಾಲಯವೊಂದು ಆ ಒಡವೆಯನ್ನು ಕೊಂಡರೆ ಬೆಲೆಯನ್ನು ಸಾಮಾನ್ಯವಾಗಿ ಹುಡುಕಿದವರಿಗೂ ಜಮೀನಿನ ಒಡೆಯರಿಗೂ ಸಮನಾಗಿ ಹಂಚುತ್ತಾರೆ. ನಮ್ಮಲ್ಲೂ 1878ರ ಬ್ರಿಟಿಷ್ ಭಾರತದ ನಿಧಿ ಕಾಯಿದೆ 10 ರೂಪಾಯಿ ಮೀರಿದ ಯಾವ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತ್ತು. ಆದರೂ ನಿಧಿಯಾಸೆಗೆ ಪಾಳು ಗುಡಿಗಳ ಗರ್ಭಗೃಹ ಅಗೆದ ಸುದ್ದಿಯನ್ನು ಕರ್ನಾಟಕದ ಪತ್ರಿಕೆಗಳಲ್ಲಿ ಈಗಲೂ ಓದುತ್ತೇವೆ, ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಗಮನಿಸಿ, ಕರ್ಶಾ ಅವರು ಅಭ್ಯಾಸ ಮಾಡಿದ ಬ್ರೂಚುಗಳಲ್ಲಿ ಬಹುಪಾಲು ತಾಮ್ರದವು. ಇಂಗ್ಲೆಂಡಿನ ಕಾಯಿದೆಗೆ ಅವು ನಿಧಿಯಾಗಿರಲಿಲ್ಲ, ತಿಳಿಸಲೇಬೇಕೆಂಬ ಕಟ್ಟುಪಾಡೂ ಇರಲಿಲ್ಲ. ಹುಡುಕಿದವರು ತಾವಾಗಿ ತಂದು ತೋರಿಸಿದವು. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲದಲ್ಲಿ ಸಿಕ್ಕ ಚಿನ್ನದ ರಾಶಿ ಜಗತ್ತಿಗೆಲ್ಲ ಸುದ್ದಿಯಾಯಿತು. ಸಾವಿರಾರು ತುಣುಕುಗಳಿದ್ದ ಅದರಲ್ಲಿ ಹೆಚ್ಚಿನವು ಖಡ್ಗದ ಹಿಡಿಯ ಅಲಂಕಾರಗಳು, ಹೆಂಗಸರ ಒಡವೆ ಒಂದೂ ಇರಲಿಲ್ಲ. ಹೆಂಗಸರ ಚರಿತ್ರೆ ತಿಳಿಯಲು ನನಗೆ ಆ ಮುರುಕು ತಾಮ್ರಗಳೇ ಹೆಚ್ಚು ಬೆಲೆಯವು.

ಶತಮಾನಗಳು ಉರುಳಿದಂತೆ ಬ್ರೂಚಿನ ರೂಪ ಬದಲಾಯಿತು. 13 ಮತ್ತು 14ನೇ ಶತಮಾನದ ಬ್ರೂಚು ಬರೀ ಒಂದು ಉಂಗುರ, ಅದರ ಮೇಲೆ ಒಂದು ಮುಳ್ಳು. ಅನೇಕವು ಎರಡು ಸೆಂಟಿಮೀಟರಿನಷ್ಟೇ ಅಗಲ. ಕೊಕ್ಕೆಯಿಲ್ಲದೆ ಅದು ನಿಲ್ಲುವ ಬಗೆ ಸೊಗಸಾಗಿದೆ. ಅಂಗಿಯ ಕತ್ತಿನ ಬಟ್ಟೆಯನ್ನು ಚಿವುಟಿ ಉಂಗುರದೊಳಗಿಂದ ಮೇಲಕ್ಕೆಳೆದು, ಆ ಮಡಿಕೆಗೆ ಮುಳ್ಳನ್ನು ಅಡ್ಡ ಚುಚ್ಚಿ, ಬಟ್ಟೆಯನ್ನು ಹಿಂದಕ್ಕೆ ಜಗ್ಗಬೇಕು. ಮುಳ್ಳು ಉಂಗುರದ ಮೇಲೆ ಅಡ್ಡ ಬೀಳುತ್ತದೆ. ಬಟ್ಟೆಯ ಬಿಗುವೇ ಅದನ್ನು ಅಲ್ಲಾಡಗೊಡುವುದಿಲ್ಲ. ಆ ಕಿರಿದಾದ ಉಂಗುರದ ಮೇಲೂ ಅಕ್ಷರ ಕೊರೆಯುತ್ತಿದ್ದರು. ಕೆಲವದರ ಮೇಲೆ ಮೇರಿಮಾತೆಗೆ ವಂದನೆ, ಕೆಲವದರ ಮೇಲೆ ರಕ್ಷೆಯೆಂದು ನಂಬಿದ ಹೀಬ್ರೂ ಪ್ರಾರ್ಥನೆಯ ಮೊದಲಕ್ಷರಗಳು, ಇನ್ನು ಕೆಲವದರ ಮೇಲೆ ಫ್ರೆಂಚ್ ಭಾಷೆಯಲ್ಲಿ ಪ್ರೇಮದ ಮಾತು: ನಿನ್ನ ಗೆಳೆಯನ ಬದಲಿಗೆ ನಾನಿಲ್ಲಿದ್ದೇನೆ ಎಂದು. ಕೊಟ್ಟವನು ದೂರದಲ್ಲಿದ್ದಾನೆ, ಅವನ ಪರವಾಗಿ ಕೊರಳ ಬಳಿ ಕೂತ ಲೋಹ ಮಾತಾಡುತ್ತದೆ. ಅಕ್ಷರ ತಪ್ಪಿಹೋದವೂ ಬಹಳ. ಕೊರೆದವನಿಗೆ ಓದು ಬರುತ್ತಿರಲಿಲ್ಲವೇನೋ, ಆದರೂ ತೊಟ್ಟವರಿಗೆ ಅದು ರಕ್ಷೆಯೇ ಆಗಿತ್ತು.

ಡಿಟೆಕ್ಟರ್ ಎಂಬುದು ಹುಟ್ಟುವ ಎಷ್ಟೋ ಮೊದಲು, 1694ರಲ್ಲಿ, ಈಲಿ ದ್ವೀಪಸೀಮೆಯ ಸಟನ್ ಎಂಬಲ್ಲಿ ಹೊಲ ಉಳುವಾಗ ಅಂಗೈಯನ್ನು ಮೀರಿಸುವಷ್ಟು ಅಗಲದ ಬೆಳ್ಳಿಯ ಬ್ರೂಚೊಂದು ಸಿಕ್ಕಿತ್ತು. ಅದರ ಹಿಂಬದಿಯ ಅಂಚಿನಲ್ಲಿ ಹಳೆಯ ಇಂಗ್ಲಿಷಿನ ಬರಹವಿದೆ. ಒಡತಿ ಎಡ್ವೆನ್ ಎಂಬುವಳು, ದೇವರು ಅವಳಿಗೆ ಒಡೆಯನಾಗಲಿ, ಅವಳೇ ಮನಸಾರೆ ಕೊಟ್ಟ ಹೊರತು ಕಿತ್ತುಕೊಂಡವರಿಗೆ ದೇವರ ಶಾಪ ತಟ್ಟಲಿ ಎಂಬ ಅರ್ಥದ್ದು. ದಾನವನ್ನು ಅಳಿದವರಿಗೆ ಶಾಪ ಹಾಕುವ ನಮ್ಮ ಶಾಸನಗಳನ್ನು ಓದಿದವರಿಗೆ ಆ ಧಾಟಿ ಪರಿಚಿತ. ಜೊತೆಯಲ್ಲಿ 11ನೇ ಶತಮಾನದ ವಿಲಿಯಂ ದೊರೆಯ ಕಾಲದ ನಾಣ್ಯಗಳಿದ್ದವೆಂದು ವಿದ್ವಾಂಸ ಜಾರ್ಜ್ ಹಿಕ್ಸ್ 1705ರಲ್ಲಿ ಚಿತ್ರಸಮೇತ ಅಚ್ಚು ಹಾಕಿಸಿದ. ಆಮೇಲೆ ನಾಣ್ಯಗಳು ಚದುರಿಹೋದವು, ಬ್ರೂಚೂ ಕಾಣೆಯಾಯಿತು. 20ನೇ ಶತಮಾನದ ನಡುವಿನಲ್ಲಿ ಅದು ಮತ್ತೆ ಕಾಣಿಸಿಕೊಂಡಾಗ ಹಿಕ್ಸನ ಪುಸ್ತಕದ ಚಿತ್ರದಿಂದ ಅದೇ ಇದು ಎಂದು ಗುರುತು ಹಿಡಿದರು. ನೆಲದಲ್ಲಿ ಹೂತದ್ದು 11ನೇ ಶತಮಾನದಲ್ಲಿ ಎಂದು ಹೇಳಲು ಇಲ್ಲವಾದ ಆ ನಾಣ್ಯಗಳ ಬಗೆಗಿನ ಟಿಪ್ಪಣಿಯೇ ಆಧಾರ.

ಎಡ್ವೆನ್‌ಳ ಬ್ರೂಚು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಕಮ್‌ವಿಟನ್ನಿನ ಜೋಡಿ ಕಾರ್ಲೈಲಿನ ಟುಲ್ಲಿ ಹೌಸ್ ಸಂಗ್ರಹಾಲಯದಲ್ಲಿದೆ. ಆ ದೇಶದಲ್ಲಿರುವ ನಮ್ಮ ಕನ್ನಡಿಗರು ಯಾರಾದರೂ ಕೇಳುತ್ತಿದ್ದರೆ, ರಜೆಯಲ್ಲಿ ಒಮ್ಮೆ ಹೋಗಿ ನೋಡಿ. ಗಾಜಿನ ಪೆಟ್ಟಿಗೆಯ ಪಕ್ಕಕ್ಕೆ ಸರಿದು ಬಗ್ಗಿ ನೋಡಿದರೆ ಹಿಂಬದಿಯೂ ಸ್ವಲ್ಪ ಕಂಡೀತು.